ಎಡಗನ್ನಡಿ ದೊನ್ನ ಎರ್ಸಿಲಿಯ

ಗ್ರೊತ್ತಾಲ್ಬ ಪುರಸಭೆಯ ಎಲ್ಲೆಯೊಳಗೆ ಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುವ ವಯಸ್ಸಾದ ಹೆಂಗಸರನ್ನು ಮೋಟಾರು ವಾಹನದ ಪಕ್ಕದ ಕನ್ನಡಿಗಳೆಂದು ಪರಿಗಣಿಸಲಾಗಿದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಮೇಯರ್ ಸಹಿ ಇದೆ, ದುಂಡನೆ ಮೊಹರಿದೆ, ಸತ್ತವರ ಸುದ್ದಿ ಅಂಟಿಸುವ ಗೋಡೆಯ ಮೇಲೆ ನೋಟೀಸೂ ಇದೆ. ನಮ್ಮೂರಲ್ಲಿ ಆ ಗೋಡೆಗೆ ಬಂದ ಸುದ್ದಿಯನ್ನು ಇವತ್ತಿನವರೆಗೆ ಯಾರೂ ಸುಳ್ಳು ಅಂದಿಲ್ಲ. ಅನ್ನಬೇಕಾದವರು ಅನ್ನುವ ಸ್ಥಿತಿಯಲ್ಲಿ ಇರುವುದಿಲ್ಲ, ಅದು ಬೇರೆ ಮಾತು.

ಬೆಟ್ಟದ ಮೇಲಿನ ಚೌಕಕ್ಕೂ ಕೆಳಗಿನ ಹೆದ್ದಾರಿಗೂ ನಡುವೆ ಇರುವ ದಾರಿ ಬೇಕರಿ ಓಣಿ ಒಂದೇ. ಅದರ ಅಗಲ ಪಾಂಡಾ ಎಂಬ ಒಂದು ಪುಟ್ಟ ಕಾರು ಮತ್ತು ಒಂದು ಬೆರಳು. ಆ ಬೆರಳು ಯಾರದ್ದು ಅನ್ನುವುದರ ಮೇಲೆ ಕಾರಿನ ಬಣ್ಣ ಉಳಿಯುತ್ತದೋ ಹೋಗುತ್ತದೋ ನಿರ್ಧಾರವಾಗುತ್ತದೆ. ಆದ್ದರಿಂದ ನಮ್ಮೂರಲ್ಲಿ ಹೊಸ ಕಾರು ತಂದವನು ಪಾದ್ರಿಯಿಂದ ತೀರ್ಥ ಹಾಕಿಸುವುದಕ್ಕೂ ಮೊದಲು ಎರಡೂ ಪಕ್ಕದ ಕನ್ನಡಿ ಮಡಚಿಬಿಡುತ್ತಾನೆ. ಆಮೇಲೆ ಕಾರು ಮಾರುವ ದಿನದವರೆಗೂ ಅವು ಹೆದರಿದ ಕತ್ತೆಯ ಕಿವಿಯ ಹಾಗೆ ಹಿಂದಕ್ಕೆ ಮಲಗಿರುತ್ತವೆ. ಮಡಚಿದ ಸಂದಿ ವ್ಯರ್ಥವಾಗಬಾರದು ಅಂತ ಕೆಲವರು ಅಲ್ಲಿ ಸಂತನ ಪಟ ಇಡುತ್ತಾರೆ, ಕೆಲವರು ಅರ್ಧ ಸೇದಿದ ಸಿಗರೇಟು ಇಡುತ್ತಾರೆ.

ಹಾಗಾದರೆ ಹಿಂದೆ ಏನಿದೆ ಅಂತ ಗೊತ್ತಾಗುವುದು ಹೇಗೆ? ಅದಕ್ಕೆ ಓಣಿಯಲ್ಲಿ ಅಜ್ಜಿಯರಿದ್ದಾರೆ. ಓಣಿ ಹೊಟ್ಟೆ ಎಳೆದುಕೊಂಡು ನಿಲ್ಲುವಷ್ಟು ಇಕ್ಕಟ್ಟಾಗುವ ಜಾಗದಲ್ಲಿ, ಈ ಬಾಗಿಲಲ್ಲಿ ದೊನ್ನ ಎರ್ಸಿಲಿಯ, ಎದುರು ಬಾಗಿಲಲ್ಲಿ ದೊನ್ನ ಮೆನಿಕ; ದೊನ್ನ ಅಂದರೆ ನಮ್ಮಲ್ಲಿ ಅಮ್ಮನವರು ಅಂದ ಹಾಗೆ. ಇಬ್ಬರೂ ವಿಧವೆಯರು, ಇಬ್ಬರೂ ಕಪ್ಪು ಬಟ್ಟೆ, ಇಬ್ಬರ ನಡುವೆ ಮಾತಿಲ್ಲ. ವರ್ಷಕ್ಕಾಗುವಷ್ಟು ಟೊಮೇಟೊ ಕುದಿಸಿಡುವ ಆಗಸ್ಟಿನ ಒಂದು ದಿನ ಒಬ್ಬಳ ಹಂಡೆ ಇನ್ನೊಬ್ಬಳ ಹೊಸ್ತಿಲ ಮುಂದೆ ಬಂತಂತೆ. ಹಂಡೆ ತೂತಾಗಿ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಜಗಳಕ್ಕೆ ಮಾತ್ರ ಇನ್ನೂ ತುಕ್ಕು ಹಿಡಿದಿಲ್ಲ.

ಗಾಡಿ ಹಿಮ್ಮುಖವಾಗಿ ಬರುವಾಗ ಎರ್ಸಿಲಿಯ ಕೈ ಬೀಸುತ್ತಾಳೆ.

"ಬಾ, ಬಾ, ಬಾ. ಬಾರೋ ಮಗನೇ, ಬೇಕಾದಷ್ಟು ಜಾಗ ಇದೆ. ನಿಮ್ಮಪ್ಪ ಹೇಸರಗತ್ತೆ ಜೊತೆ ಅದರ ಹೊರೇನೂ ತರ್ತಿದ್ದ ಇಲ್ಲಿ."

ಢಬ್.

"ಹಾಂ, ಸಾಕು."

ಈ "ಸಾಕು" ಢಬ್ಬಿಗಿಂತ ಮುಂಚೆ ಬಂದ ಉದಾಹರಣೆ ಇಲ್ಲ. ಹಾಗಂತ ಅವಳನ್ನು ಯಾರೂ ಬೈಯುವುದೂ ಇಲ್ಲ, ಯಾಕೆಂದರೆ ಢಬ್ ಅಂದಮೇಲೆ ನಿಲ್ಲಬೇಕು ಅನ್ನುವುದು ಚಾಲಕನಿಗೂ ಒಪ್ಪಿಗೆಯೇ. ಊರಿನ ಕಾರುಗಳ ಬೆನ್ನೆಲ್ಲ ಒಂದೇ ಎತ್ತರದಲ್ಲಿ ತಗ್ಗಾಗಿರುವುದರಿಂದ, ಹೆದ್ದಾರಿಯಲ್ಲಿ ನಮ್ಮ ಹಿಂದೆ ಬರುವವರು "ಓ, ಗ್ರೊತ್ತಾಲ್ಬದವರು" ಅಂತ ಒಂದಷ್ಟು ದೂರ ಬಿಟ್ಟೇ ಬರುತ್ತಾರೆ. ರಸ್ತೆ ಸುರಕ್ಷತೆ ಅಂದರೆ ಇದೇ ಅಲ್ಲವೇ?

ಹೀಗೆ ಎಲ್ಲ ಸರಿಯಾಗಿರುವಾಗ ಪ್ರಾಂತ್ಯ ಸರ್ಕಾರ "ಸುರಕ್ಷಿತ ಹಿನ್ನೋಟ" ಎಂಬ ಅಭಿಯಾನ ಹೊರಡಿಸಿತು. ಯಾವ ಊರಿನ ಎಲ್ಲ ವಾಹನಗಳ ಪಕ್ಕದ ಕನ್ನಡಿಗಳೂ ತೆರೆದಿದ್ದು, ಶಾಸ್ತ್ರೋಕ್ತವಾಗಿ ಹೊಂದಿಸಲ್ಪಟ್ಟಿರುತ್ತವೆಯೋ ಆ ಊರಿಗೆ ಅನುದಾನ. ನಮ್ಮ ಮೇಯರ್ ಎರ್ಮೆನೆಜಿಲ್ದೊ ಪಸ್ಕುತ್ಸಿಯವರಿಗೆ ಬಹಳ ದಿನದಿಂದ ಒಂದು ಆಸೆ ಇತ್ತು: ಚೌಕದಲ್ಲಿ ಒಂದು ಕಾರಂಜಿ, ಕಾರಂಜಿಯ ಮೇಲೆ ತಮ್ಮ ಹೆಸರು. ನೀರು ಬರದಿದ್ದರೂ ನಡೆಯುತ್ತದೆ, ಹೆಸರು ಬಂದರೆ ಸಾಕು.

ಭಾನುವಾರ ಪೂಜೆ ಮುಗಿದ ಕೂಡಲೇ ಚೌಕದಲ್ಲಿ ತರಬೇತಿ ಆಯಿತು. ಊರಿನ ಏಕೈಕ ಪುರಸಭಾ ಪೊಲೀಸ್ ತೊರ್ಕ್ವಾತೊ ಧ್ವನಿವರ್ಧಕ ಹಿಡಿದು ಕೈಪಿಡಿ ಓದಿದ. ಮೊದಲು ಸೀಟು ಸರಿ ಮಾಡಿಕೊಳ್ಳತಕ್ಕದ್ದು, ಆಮೇಲೆ ಕನ್ನಡಿ. ದಿಗಂತ ಕನ್ನಡಿಯ ನಡುಮಧ್ಯೆ ಬರತಕ್ಕದ್ದು. ಒಳ ಅಂಚಿನಲ್ಲಿ ತನ್ನ ಸ್ವಂತ ಕಾರು ಒಂದು ಬೆರಳಿನಷ್ಟು ಮಾತ್ರ ಕಾಣತಕ್ಕದ್ದು, ಜಾಸ್ತಿ ಕಂಡರೆ ಅದು ಜಂಭಕ್ಕೆ ದಾರಿ. ಕೊನೆಯ ಮಾತು ಕೈಪಿಡಿಯಲ್ಲಿರಲಿಲ್ಲ, ತೊರ್ಕ್ವಾತೊ ಸೇರಿಸಿದ್ದು.

ಗ್ಯಾಸ್ ಸಿಲಿಂಡರ್ ಮಾರುವ ಸವೇರಿಯೊ ತನ್ನ ಮೂರು ಚಕ್ರದ ಗಾಡಿಯ ಕನ್ನಡಿಯನ್ನು ಕಿರ್‍ರ್ ಅಂತ ಬಿಚ್ಚಿ, ಒಳಗೆ ನೋಡಿ ಬೆಚ್ಚಿಬಿದ್ದ.

"ಅಯ್ಯಯ್ಯೋ, ಹಿಂದೆ ಯಾರೋ ಬರ್ತಿದಾನೆ!"

"ಹಿಂದೆ ಯಾವಾಗ್ಲೂ ಯಾರಾದ್ರೂ ಬರ್ತಾನೇ ಇರ್ತಾರೆ ಕಣಯ್ಯ," ಅಂದ ತೊರ್ಕ್ವಾತೊ.

"ಮತ್ತೆ ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ ಯಾರೂ? ನಾನು ಆರಾಮಾಗಿ ಹಾಡ್ಕೊಂಡು ಓಡಿಸ್ತಿದ್ದೆ!"

ಮರುದಿನ ಬೆಳಗ್ಗೆ ಇಡೀ ಊರು ಕನ್ನಡಿ ಬಿಚ್ಚಿಕೊಂಡು, ದಿಗಂತ ನಡುಮಧ್ಯೆ ಇಟ್ಟುಕೊಂಡು, ಬೇಕರಿ ಓಣಿಗೆ ಇಳಿಯಿತು. ಕಾಫಿ ಕುಡಿಯುವ ಹೊತ್ತಿಗೆ ತೊರ್ಕ್ವಾತೊ ಓಣಿ ಗುಡಿಸಿ ಒಂದು ಚೀಲ ಕನ್ನಡಿ ತಂದು ಮೇಯರ್ ಮೇಜಿನ ಮೇಲೆ ಸುರಿದ. ಮೇಲುಗಡೆ ಇದ್ದದ್ದು ಮೇಯರ್ ಕಾರಿನದ್ದೇ. ಅದರಲ್ಲಿ ಅವರ ಮುಖ ಮೂರಾಗಿ ಕಾಣುತ್ತಿತ್ತು, ಮೂರೂ ಸಿಟ್ಟಾಗಿದ್ದವು.

"ಇನ್ನು ಕಾರಂಜಿ ಕಥೆ ಮುಗೀತು," ಅಂದರು ಮೇಯರ್.

ತೊರ್ಕ್ವಾತೊ ಕೈಪಿಡಿ ತೆರೆದ. "ಸ್ವಾಮಿ, ಇಲ್ಲೊಂದು ಮಾತಿದೆ ನೋಡಿ. ಪಕ್ಕದ ಕನ್ನಡಿ ಅಂದ್ರೆ, ವಾಹನದ ಎಡಬಲದಲ್ಲಿದ್ದು ಹಿಂದಿನ ಸಂಗತಿಗಳನ್ನು ಚಾಲಕನಿಗೆ ತಲುಪಿಸುವ ಸಾಧನ. ವಾಹನಕ್ಕೇ ಅಂಟ್ಕೊಂಡಿರ್‍ಬೇಕು ಅಂತ ಎಲ್ಲೂ ಬರೆದಿಲ್ಲ."

ಸಿಲಿಂಡರ್ ಇಳಿಸಲು ಬಂದಿದ್ದ ಸವೇರಿಯೊ ಬಾಗಿಲಲ್ಲಿ ನಿಂತಿದ್ದ. ಮೇಯರ್ ಅವನ ಕಡೆ ತಿರುಗಿದರು.

"ಲೋ ಸವೇರಿಯೊ, ನಿನಗೆ ಹಿಂದಿನ ಸಂಗತಿ ತಲುಪಿಸೋರು ಯಾರು?"

"ಎಡಗಡೆ ದೊನ್ನ ಎರ್ಸಿಲಿಯ, ಬಲಗಡೆ ದೊನ್ನ ಮೆನಿಕ. ಹಿಂದಿಂದು ಮಾತ್ರ ಅಲ್ಲ ಸ್ವಾಮಿ, ನಮ್ಮನೆ ಒಳಗಿಂದೂ ತಲುಪಿಸ್ತಾರೆ."

ಮೇಯರ್ ಮೇಜು ಗುದ್ದಿದರು. ಒಂದು ಕನ್ನಡಿ ಚೂರು ಕೆಳಗೆ ಬಿತ್ತು. ಸಂಜೆಗೆ ಸಾವಿನ ಗೋಡೆಯ ಮೇಲೆ ನೋಟೀಸು ಬಂತು:

"ಈ ಮೂಲಕ ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ಬೇಕರಿ ಓಣಿಯಲ್ಲಿ ಕುಳಿತುಕೊಳ್ಳುವ ಮಹಿಳೆಯರು ಇಂದಿನಿಂದ ಸ್ಥಾಯೀ ಪಕ್ಕದ ಕನ್ನಡಿಗಳಾಗಿದ್ದು, ಕೈಪಿಡಿಯ ಪ್ರಕಾರ ಹೊಂದಿಸಲ್ಪಡತಕ್ಕದ್ದು. ಕನ್ನಡಿಯ ಗದ್ದವು ದಿಗಂತಕ್ಕೆ ಸಮನಾಗಿರಬೇಕು. ಚಾಲಕನ ಸ್ವಂತ ಮನೆಯ ವಿಚಾರವನ್ನು ಕನ್ನಡಿಯು ಒಂದು ಬೆರಳಿನಷ್ಟು ಮಾತ್ರ ತೋರಿಸತಕ್ಕದ್ದು, ಉಳಿದದ್ದೆಲ್ಲ ಹಿಂದೆ ಬರುತ್ತಿರುವವರ ವಿಚಾರವಾಗಿರಬೇಕು. ವಾಹನ ಬಂದಾಗ ಮೊಣಕಾಲನ್ನು ಒಳಗೆಳೆದುಕೊಳ್ಳಬಲ್ಲವರನ್ನು ಮಡಚುವ ಮಾದರಿ ಎಂದೂ, ಎಳೆದುಕೊಳ್ಳಲಾಗದವರನ್ನು ಸ್ಥಿರ ಮಾದರಿ ಎಂದೂ ಕರೆಯಲಾಗುವುದು. ಚಳಿಗಾಲದಲ್ಲಿ ಕನ್ನಡಿಗೆ ಮಂಜು ಹಿಡಿಯದಂತೆ ಆಗಾಗ ಬಿಸಿ ಕಾಫಿ ಒದಗಿಸುವುದು ಆಯಾ ಚಾಲಕರ ಜವಾಬ್ದಾರಿ."

ಕನ್ನಡಿಯನ್ನು ವಾರಕ್ಕೊಮ್ಮೆ ಒರೆಸಬೇಕೆಂದೂ ಇತ್ತು. ಒರೆಸುವ ದ್ರಾವಣ, ಬಟ್ಟೆ ಎರಡೂ ಮೇಯರ್ ಭಾಮೈದ ಒಲಿಂದೊನ ಕನ್ನಡಕದ ಅಂಗಡಿಯಲ್ಲಿ ಲಭ್ಯ. ಕನ್ನಡಕ ಇಲ್ಲದ ಅಜ್ಜಿಯರು ಒರೆಸಿಸಿಕೊಳ್ಳುವ ಸಲುವಾಗಿ ಕನ್ನಡಕ ಕೊಳ್ಳಬೇಕಾಯಿತು. ಕೊಂಡರು. ಕಾನೂನು ಅಂದಮೇಲೆ ಕಾನೂನು.

ಮೊದಲ ದಿನವೇ ಒಂದು ತಾಂತ್ರಿಕ ತೊಡಕು ಎದ್ದಿತು. ಗಾಡಿ ಮೇಲೆ ಹೋಗುವಾಗ ಎರ್ಸಿಲಿಯ ಎಡಗಡೆ ಇರುತ್ತಾಳೆ, ಸರಿ. ಅದೇ ಗಾಡಿ ಕೆಳಗೆ ಬರುವಾಗ ಅವಳು ಬಲಗಡೆ ಆಗಿಬಿಡುತ್ತಾಳೆ. ಕಡತದಲ್ಲಿ ಅವಳು ಎಡಗನ್ನಡಿ. ಎಡಗನ್ನಡಿ ಬಲಗಡೆ ಇರುವುದು ಅಪರಾಧ.

"ಹಾಗಾದ್ರೆ ನಾನೇನು ಮಾಡ್ಲಿ, ತಲೆಕೆಳಗಾಗಿ ಕೂತ್ಕೊಳ್ಳಾ?" ಅಂತ ಕೇಳಿದಳು ಎರ್ಸಿಲಿಯ.

"ಬೇಡಮ್ಮ ತಾಯಿ. ಗಾಡಿ ಕೆಳಗಿಳಿಯುವಾಗ ಕುರ್ಚಿ ಎತ್ಕೊಂಡು ಆ ಕಡೆ ಹೋಗಿ. ದೊನ್ನ ಮೆನಿಕ ಈ ಕಡೆ ಬರ್ತಾರೆ," ಅಂದ ತೊರ್ಕ್ವಾತೊ.

"ಅವಳ ಹೊಸ್ತಿಲಲ್ಲಿ ನಾನಾ? ಸತ್ತಮೇಲೆ ಹೆಣಾನೂ ಆ ಕಡೆ ತಿರುಗಿಸ್ಬೇಡಿ ಅಂತ ಮಗಳಿಗೆ ಹೇಳಿಟ್ಟಿದೀನಿ."

ಹೇಳಿದಳೇ ಹೊರತು, ಹೋದಳು. ದಂಡದ ಭಯಕ್ಕಲ್ಲ. ಮೆನಿಕಳ ಅಡುಗೆಮನೆ ಒಳಗೆ ಏನಿದೆ ಅಂತ ಅಷ್ಟು ವರ್ಷದಿಂದ ನೋಡಬೇಕಿತ್ತು. ಮೆನಿಕಳಿಗೂ ಅದೇ ಕಾಯಿಲೆ. ಅಂದಿನಿಂದ ಪ್ರತಿ ಗಾಡಿಗೂ ಇಬ್ಬರೂ ಕುರ್ಚಿ ಎತ್ತಿಕೊಂಡು ಓಣಿ ದಾಟುತ್ತಿದ್ದರು. ನಡುವೆ ಎದುರಾದಾಗ ಕುರ್ಚಿ ಕಾಲು ಕುರ್ಚಿ ಕಾಲಿಗೆ ಸಿಕ್ಕಿಕೊಳ್ಳುತ್ತಿತ್ತು. ಬಿಡಿಸಿಕೊಳ್ಳುತ್ತಿದ್ದರು, ಮಾತಾಡುತ್ತಿರಲಿಲ್ಲ. ಆಮೇಲೆ ಒಬ್ಬೊಬ್ಬಳೂ ಗಾಳಿಗೆ ಹೇಳುವ ಹಾಗೆ, "ಕೆಲವರ ಮನೇಲಿ ಬಾಣಲೆ ನೋಡಿದ್ರೆ ವಾಂತಿ ಬರುತ್ತೆ," "ಕೆಲವರ ಮನೇಲಿ ಬಾಣಲೇನೇ ಇಲ್ಲ" ಅಂತ ಗೋಡೆಗೆ ತಿಳಿಸುತ್ತಿದ್ದರು. ಈ ನಡುವೆ ಗಾಡಿ ಢಬ್ ಅಂದಿರುತ್ತಿತ್ತು.

ಎಲ್ಲ ಸುಸೂತ್ರವಾಗಿ ನಡೆಯುತ್ತಿದೆ ಅನ್ನುವಾಗ ವಾರ್ಷಿಕ ತಪಾಸಣೆ ಬಂತು. ತಪಾಸಣಾಧಿಕಾರಿಯಾಗಿ ಒಲಿಂದೊನನ್ನೇ ನೇಮಿಸಲಾಯಿತು, ಕಣ್ಣಿನ ವಿಷಯ ಅವನಿಗಲ್ಲದೆ ಇನ್ನಾರಿಗೆ ಗೊತ್ತು? ಎರ್ಸಿಲಿಯಳನ್ನು ಅಂಗಡಿಯ ಎತ್ತರದ ಕುರ್ಚಿಯ ಮೇಲೆ ಕೂರಿಸಿ ಬಲಗಣ್ಣು ಮುಚ್ಚಿದ.

"ಈ ಅಕ್ಷರ ಓದಿ ದೊನ್ನ ಎರ್ಸಿಲಿಯ."

"ಓದಕ್ಕೆ ನಾನೇನು ಶಾಲೆಗೆ ಹೋಗಿದ್ನೇನೋ?"

"ಹೋಗ್ಲಿ, ಎಡಗಣ್ಣಲ್ಲಿ ಏನು ಕಾಣುತ್ತೆ?"

"ಮಂಜು."

"ಮಂಜಿನ ಒಳಗೆ?"

"ನಿನ್ನ ಹೊಟ್ಟೆ. ಅದು ಎಂಥಾ ಮಂಜಲ್ಲೂ ಕಾಣುತ್ತೆ ಬಿಡು."

ಒಲಿಂದೊ ವರದಿ ಬರೆದ: ಗಾಜು ಬಿರುಕು ಬಿಟ್ಟಿದೆ, ಹೊಳಪು ಹೋಗಿದೆ, ರಸ್ತೆಗೆ ಯೋಗ್ಯವಲ್ಲ. ಬಿರುಕು ಬಿಟ್ಟ ಕನ್ನಡಿಯನ್ನು ಸಾರ್ವಜನಿಕ ರಸ್ತೆಯಿಂದ ತೆರವುಗೊಳಿಸತಕ್ಕದ್ದು. ತೆರವಾದ ಜಾಗಕ್ಕೆ ಬದಲಿ ಬಿಡಿಭಾಗವಾಗಿ ದೊನ್ನ ಇಪ್ಪೊಲಿತ ಎಂಬವರನ್ನು ಶಿಫಾರಸು ಮಾಡಲಾಯಿತು. ಇವರು ಮೇಯರ್‌ಗೆ ಅತ್ತೆ, ಒಲಿಂದೊಗೆ ತಾಯಿ. ಹೀಗೆ ಎರಡೆರಡು ಕಡೆಯಿಂದ ಪರಿಶೀಲನೆಗೊಳಗಾದ ಬೇರೆ ಅಭ್ಯರ್ಥಿ ಊರಲ್ಲಿ ಇರಲಿಲ್ಲ. ಚಾಲಕರು ಕೊಡುವ ಬಿಸಿ ಕಾಫಿಗೂ ಈ ನೇಮಕಕ್ಕೂ ಸಂಬಂಧವಿಲ್ಲ ಎಂದು ಪುರಸಭೆ ಸ್ಪಷ್ಟಪಡಿಸಿದೆ. ಯಾರೂ ಕೇಳಿರಲಿಲ್ಲ, ಆದರೂ ಸ್ಪಷ್ಟಪಡಿಸಿತು.

ತೊರ್ಕ್ವಾತೊ ಕುರ್ಚಿಗೆ ಕೆಂಪು ಪಟ್ಟಿ ಕಟ್ಟಿ, ಎತ್ತಿ ಮನೆ ಒಳಗಿಟ್ಟ. ಎರ್ಸಿಲಿಯ ಹೊಸ್ತಿಲಲ್ಲಿ ನಿಂತೇ ಇದ್ದಳು.

"ಒಳಗೆ ಕೂತ್ಕೊಂಡು ಏನು ಮಾಡ್ಲೋ ತೊರ್ಕ್ವಾತೊ?"

"ಟೀವಿ ನೋಡಿ ಅಮ್ಮ."

"ಟೀವೀಲಿ ಇರೋರು ಯಾರೂ ನನಗೆ ಗೊತ್ತಿಲ್ಲ ಕಣೋ. ಎಷ್ಟು ಕೂಗಿದ್ರೂ ತಿರುಗಿ ನೋಡಲ್ಲ. ಗಂಡ ಹೋದ ದಿನಾನೂ ನಾನು ಈ ಕುರ್ಚೀಲೇ ಕೂತಿದ್ದೆ. ಒಳಗೆ ಇರೋದು ಗೋಡೆ, ಅದಕ್ಕೆ ನನ್ನ ಎಲ್ಲ ವಿಷಯಾನೂ ಗೊತ್ತು."

ತೊರ್ಕ್ವಾತೊ ಕೈಪಿಡಿ ತಿರುವಿ ನೋಡಿದ. ಗೋಡೆಯ ವಿಷಯ ಅದರಲ್ಲಿ ಇರಲಿಲ್ಲ. ಸೆಲ್ಯೂಟ್ ಹೊಡೆದು ಹೋದ.

ದೊನ್ನ ಇಪ್ಪೊಲಿತ ಮೆತ್ತೆ ಸಮೇತ ಬಂದು ಕೂತರು. ಬಹಳ ಮರ್ಯಾದಸ್ಥರು. "ಬನ್ನಿ, ಬನ್ನಿ, ದಯವಿಟ್ಟು ಬನ್ನಿ" ಅನ್ನುತ್ತಿದ್ದರು. ಢಬ್ ಅಂದರೂ "ಬನ್ನಿ" ಅನ್ನುತ್ತಲೇ ಇದ್ದರು. ಸವೇರಿಯೊ ಪುರಸಭೆಗೆ ಓಡಿಬಂದ.

"ಸ್ವಾಮಿ, ಢಬ್ ಆಗ್ತಿದೆ, ಸಾಕು ಅನ್ನೋರಿಲ್ಲ. ಮುಗೀತೋ ಇನ್ನೂ ಇದೆಯೋ ನಮಗೆ ಹೇಗೆ ಗೊತ್ತಾಗ್ಬೇಕು? ನಿನ್ನೆ ಬೇಕರಿಯವನ ಅಂಗಡಿ ಒಳಗೆ ಹೋಗ್ಬಿಟ್ಟಿದೀನಿ. ಅವನು ಬ್ರೆಡ್ ಎಷ್ಟು ಬೇಕು ಅಂತಾನೆ!"

ಇದಕ್ಕಿಂತ ದೊಡ್ಡ ಆಘಾತ ಎದುರು ಬಾಗಿಲಿಂದ ಬಂತು. ದೊನ್ನ ಮೆನಿಕ ತನ್ನ ಕುರ್ಚಿಯನ್ನೂ ಎತ್ತಿ ಒಳಗಿಟ್ಟು ಬಾಗಿಲು ಹಾಕಿಕೊಂಡಳು. ತೊರ್ಕ್ವಾತೊ ಬಾಗಿಲು ಬಡಿದ.

"ದೊನ್ನ ಮೆನಿಕ, ನೀವು ಬಲಗನ್ನಡಿ. ನಿಮ್ಮದು ಪಾಸಾಗಿದೆ. ಹೊರಗೆ ಬನ್ನಿ."

"ಕನ್ನಡಿ ಮಾರೋದು ಜೋಡಿ ಲೆಕ್ಕದಲ್ಲಿ ಕಣಯ್ಯ. ಒಂದು ಹೋದ್ರೆ ಇನ್ನೊಂದನ್ನ ಇಟ್ಕೊಂಡು ಏನು ಮಾಡ್ತೀಯ, ಗಡ್ಡ ಹೆರ್ಕೋತೀಯ?"

"ನಿಮಗೂ ಅವರಿಗೂ ಮಾತೇ ಇಲ್ವಲ್ಲ?"

"ಮಾತಿಲ್ಲದೆ ಇರಕ್ಕೂ ಎದುರಿಗೆ ಒಬ್ಬರು ಬೇಡ್ವೇನೋ! ಆ ಮೆತ್ತೆಯವಳ ಜೊತೆ ಮಾತು ಬಿಡಕ್ಕೆ ನನಗೇನು ಅಷ್ಟು ಸಲಿಗೆ ಇದೆ?"

ಬಲಗನ್ನಡಿ ಇಲ್ಲದ ಓಣಿಗೆ ಗಾಡಿ ಇಳಿಸುವುದಿಲ್ಲ ಎಂದು ಸವೇರಿಯೊ ಹಟ ಹಿಡಿದ. ಊರಿನ ಒಲೆಗಳು ಒಂದೊಂದಾಗಿ ಆರಿದವು. ಭಾನುವಾರ ಮೇಯರ್ ಮನೆಯಲ್ಲೂ ಸಾಸ್ ಕುದಿಯಲಿಲ್ಲ, ಒಣ ರೊಟ್ಟಿ, ಚೀಸು. ಇಂಥ ಹೊತ್ತಿನಲ್ಲೇ ಪ್ರಾಂತ್ಯದಿಂದ ಅನುದಾನದ ಇಂಜಿನಿಯರ್ ಬಂದ. ಟೈ ಕಟ್ಟಿದ, ಇನ್ನೂ ಗಡ್ಡ ಸರಿಯಾಗಿ ಬಾರದ ಹುಡುಗ. ಅಜ್ಜಿಯರು ಕನ್ನಡಿಗಳು ಎಂದಾಗ ಅವನು ತಲೆಯೆತ್ತದೆ "ಎಷ್ಟು ಜೋಡಿ?" ಎಂದು ಮಾತ್ರ ಕೇಳಿದ್ದರಿಂದ ಮೇಯರ್‌ಗೆ ಧೈರ್ಯ ಬಂತು. ತೊಂದರೆ ಮುಂದಿನ ಪ್ರಶ್ನೆಯಲ್ಲಿತ್ತು.

"ಎರಡೂ ಕನ್ನಡೀಲಿ ಕಾಣದೆ ಇರೋ ಜಾಗ ಎಲ್ಲಿದೆ? ಅದನ್ನ ಗುರುತು ಮಾಡಿ ತೋರಿಸ್ಬೇಕು."

"ಕಾಣದ ಜಾಗವೇ ಇಲ್ಲ ಸ್ವಾಮಿ ನಮ್ಮೂರಲ್ಲಿ," ಮೇಯರ್ ಎದೆಯುಬ್ಬಿಸಿದರು. "ಮೊನ್ನೆ ನಾನು ಬಚ್ಚಲಲ್ಲಿ ಜಾರಿಬಿದ್ದೆ. ಎದ್ದು ಹೊರಗೆ ಬರೋಷ್ಟರಲ್ಲಿ ಓಣಿಯವರು ಮುಲಾಮು ಕಳಿಸಿದ್ರು."

"ಕಾಣದ ಜಾಗ ಇಲ್ಲದ ಕನ್ನಡಿ ಜಗತ್ತಲ್ಲೇ ಇಲ್ಲ. ಇಲ್ಲ ಅಂದ್ರೆ ನಿಮ್ಮ ಅರ್ಜಿ ಸುಳ್ಳು ಅಂತ ಬರೀಬೇಕಾಗುತ್ತೆ."

ಮೇಯರ್ ಬಿಳಿಚಿಕೊಂಡರು. ಎಲ್ಲರೂ ಓಣಿಯಲ್ಲಿ ನಿಂತು ಕಾಣದ ಜಾಗ ಹುಡುಕತೊಡಗಿದರು. ಎಲ್ಲಿ ನೋಡಿದರೂ ಕಾಣುತ್ತಿತ್ತು. ಒಲಿಂದೊ ಒಂದು ಬಕೆಟ್ ಹಿಂದೆ ನೋಡಿ, ಅಲ್ಲೂ ಬೆಕ್ಕು ಕಾಣುತ್ತಿದೆ ಎಂದು ವರದಿ ಮಾಡಿದ. ಆಗ ಮೆನಿಕಳ ಬಾಗಿಲು ಒಂದು ಗೇಣು ತೆರೆಯಿತು.

"ಕಾಣದ ಜಾಗ ಬೇಕಾ? ಎದುರುಮನೆಯವಳ ಎಡಗಣ್ಣಿನ ಕಡೆ ಬಂದು ನಿಂತ್ಕೊಳ್ಳಿ. ಆನೆ ಬಂದ್ರೂ ಗೊತ್ತಾಗಲ್ಲ ಅವಳಿಗೆ. ನಾನು ಎಷ್ಟು ವರ್ಷದಿಂದ ಆ ಕಡೆ ನಿಂತು ನಾಲಿಗೆ ಚಾಚ್ತಾ ಇದೀನಿ, ಒಂದೇ ಒಂದು ಸಲ ಬೈದಿಲ್ಲ."

ಎದುರು ಬಾಗಿಲು ಧಡಾರನೆ ತೆರೆಯಿತು.

"ನಾಲಿಗೆ ಚಾಚ್ತಿದ್ಯೇನೇ ಮೆನಿಕಾ?"

"ಬೆಳಗ್ಗೆ ಸಂಜೆ."

"ಹಾಳಾದೋಳೆ! ನಾನು ಮಾತ್ರ ಇಲ್ಲಿ ಹುಚ್ಚಿ ಥರ ನಿನ್ನ ಕಣ್ಣಿಗೆ ಕಾಣೋ ಕಡೆಯಿಂದಲೇ ಉಗೀತಾ ಕೂತಿದ್ದೆ!"

ಟೊಮೇಟೊ ಹಂಡೆಯ ನಂತರ ಅವರಿಬ್ಬರೂ ಆಡಿದ ಮೊದಲ ಮಾತುಗಳು ಇವು. ಇಂಜಿನಿಯರ್ ಜಗಳ ಮುಗಿಯುವವರೆಗೆ ಕಾಯಲಿಲ್ಲ. ಕೆಂಪು ಪಟ್ಟಿ ಬಿಚ್ಚಿಸಿ ಕುರ್ಚಿ ಹೊರಗೆ ಹಾಕಿಸಿದ, ಎರ್ಸಿಲಿಯಳನ್ನು ಕೂರಿಸಿದ, ಕೈ ಆಡಿಸುತ್ತಾ ಅವಳ ಎಡಕ್ಕೆ ನಡೆದ. "ಈಗ ಕಾಣ್ತಿದೀನಾ?" "ಇಲ್ಲ." "ಈಗ?" "ಇಲ್ಲ ಕಣಪ್ಪ, ಕಂಡ್ರೆ ನಾನೇ ಹೇಳ್ತೀನಿ, ನಿಂತ್ಕೋ." ಸುತ್ತ ಸೀಮೆಸುಣ್ಣದ ಗೆರೆ ಎಳೆದು, ಹಿಂದೆ ಸರಿದು ನೋಡಿ, ತೃಪ್ತಿಯಿಂದ ಸಹಿ ಮಾಡಿದ. ಇಷ್ಟು ಸ್ಪಷ್ಟವಾಗಿ ಏನೂ ಕಾಣದ ಜಾಗವನ್ನು ತಾನು ಇಡೀ ಪ್ರಾಂತ್ಯದಲ್ಲಿ ಎಲ್ಲೂ ನೋಡಿಲ್ಲ ಎಂದು ಷರಾ ಬರೆದ.

ಎಡಗನ್ನಡಿಯ ಹುದ್ದೆ ದೊನ್ನ ಇಪ್ಪೊಲಿತ ಅವರಲ್ಲೇ ಉಳಿಯಿತು, ಕಾಫಿ ಸಮೇತ. ಎರ್ಸಿಲಿಯ ಊರಿನ ಅಧಿಕೃತ ಕಾಣದ ಜಾಗವಾಗಿ ನೇಮಕಗೊಂಡಳು, ಕುರ್ಚಿ ಸಮೇತ. ಮೆನಿಕಳೂ ಹೊರಗೆ ಬಂದಳು. ಒಲೆ ಹತ್ತಿತು. ಇಲ್ಲಿಗೆ ಮುಗಿಯಬೇಕಿತ್ತು, ಆದರೆ ಕೈಪಿಡಿಯಲ್ಲಿ ಇನ್ನೂ ಒಂದು ಪುಟ ಇತ್ತು: ಕನ್ನಡಿಯನ್ನು ಎಷ್ಟೇ ಚೆನ್ನಾಗಿ ಹೊಂದಿಸಿದ್ದರೂ ಕಾಣದ ಜಾಗದ ಬಳಿ ಚಾಲಕನು ನಿಧಾನಿಸಿ, ಸ್ವತಃ ಕತ್ತು ತಿರುಗಿಸಿ, ತನ್ನ ಕಣ್ಣಾರೆ ನೋಡಿ ಖಾತ್ರಿಪಡಿಸಿಕೊಳ್ಳತಕ್ಕದ್ದು.

ಆದ್ದರಿಂದ ಈಗ ಬೇಕರಿ ಓಣಿಯಲ್ಲಿ ಹೋಗುವ ಪ್ರತಿ ಚಾಲಕನೂ ದೊನ್ನ ಎರ್ಸಿಲಿಯಳ ಮುಂದೆ ಗಾಡಿ ನಿಲ್ಲಿಸಿ, ಕಿಟಕಿ ಇಳಿಸಿ, ಕತ್ತು ತಿರುಗಿಸಿ, ಅವಳ ಮುಖ ನೋಡುತ್ತಾನೆ. ಖಾತ್ರಿಪಡಿಸಿಕೊಳ್ಳಬೇಕಲ್ಲ, ಹಾಗಾಗಿ ಹೇಗಿದೀರಿ ಅಂತ ಕೇಳುತ್ತಾನೆ. ಅವಳು ಹೇಗಿದ್ದಾಳೆ ಅಂತ ಪೂರ್ತಿ ಹೇಳುತ್ತಾಳೆ. ಬರೀ ಕೈ ಬೀಸಿ ಹೋದವನಿಗೆ ತೊರ್ಕ್ವಾತೊ ದಂಡ ಹಾಕುತ್ತಾನೆ. ಮೊಣಕಾಲಿನ ವಿಷಯ ಅರ್ಧಕ್ಕೆ ನಿಲ್ಲಿಸಿ ಹೊರಟವನಿಗೆ ಎರಡು ಪಟ್ಟು. ಕಾರುಗಳ ಸಾಲು ಹೆದ್ದಾರಿಯವರೆಗೂ ಬೆಳೆಯುತ್ತದೆ, ಕೆಲವರು ಸಾಲಿನಲ್ಲೇ ಬಟಾಣಿ ಸುಲಿದು ಮುಗಿಸುತ್ತಾರೆ. ವೇಗ ಇಳಿದದ್ದರಿಂದ ಢಬ್ ಕೂಡ ಈಗ ಮೊದಲಿನಷ್ಟು ಜೋರಾಗಿಲ್ಲ. "ಸಾಕು" ಅನ್ನುವ ಅಧಿಕಾರವನ್ನು ಪುರಸಭೆ ಮೌಖಿಕವಾಗಿ ಮೆನಿಕಳಿಗೆ ವಹಿಸಿದೆ.

ಕಳೆದ ತಿಂಗಳು ಜಿಲ್ಲಾ ಆಸ್ಪತ್ರೆಯಿಂದ ಫೋನ್ ಬಂತು. ಎರ್ಸಿಲಿಯಳ ಮಗಳು ಯಾವಾಗಲೋ ಹೆಸರು ಬರೆಸಿದ್ದಳಂತೆ, ಪೊರೆ ತೆಗೆಯುವ ಪಾಳಿ ಬಂದಿದೆ, ಬುಧವಾರ ಬನ್ನಿ, ಎರಡು ದಿನದಲ್ಲಿ ಎಡಗಣ್ಣು ಹೊಸದಾಗುತ್ತದೆ. ಪುರಸಭೆ ತುರ್ತು ಸಭೆ ಸೇರಿತು. ಕಾಣದ ಜಾಗಕ್ಕೆ ಕಣ್ಣು ಬಂದರೆ ಊರು ನಿಯಮಬಾಹಿರವಾಗುತ್ತದೆ, ಅನುದಾನ ವಾಪಸ್ಸು ಹೋಗುತ್ತದೆ ಎಂದು ಒಲಿಂದೊ ವಿವರಿಸಿದ. ಆದರೂ ಅವಳ ಕಣ್ಣು ಅವಳದ್ದು, ಅವಳನ್ನೇ ಕೇಳೋಣ ಎಂದು ಮೇಯರ್ ದೊಡ್ಡ ಮನಸ್ಸು ಮಾಡಿ, ಎಲ್ಲರನ್ನೂ ಕರೆದುಕೊಂಡು ಓಣಿಗೆ ಬಂದರು. ಸರದಿ ಬರುವವರೆಗೆ ಅವರೂ ಸಾಲಿನಲ್ಲಿ ನಿಂತರು.

ಎರ್ಸಿಲಿಯ ಪೂರ್ತಿ ಕೇಳಿಸಿಕೊಂಡಳು.

"ಈಗ ಊರೆಲ್ಲ ನಿಂತು ನನ್ನ ನೋಡುತ್ತೆ," ಅಂದಳು. "ಕಣ್ಣು ಬಂದ್ರೆ ನಾನು ಊರನ್ನ ನೋಡ್ಬೇಕಾಗುತ್ತೆ. ಅದನ್ನ ಒಂದು ಸಲ ನೋಡಿ ಮುಗಿಸಿದೀನಿ. ಬೇಡ."

"ಅವಳು ಬೇಡ ಅಂದ್ರೆ ಬೇಡ," ಅಂದಳು ಮೆನಿಕ, ಎಡಗಡೆ ನಿಂತು ನಾಲಿಗೆ ಚಾಚುತ್ತಾ.

ಸಭೆ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಸರ್ಕಾರಿ ಪಾಳಿ ವ್ಯರ್ಥವಾಗಬಾರದು ಅಂತ ಬುಧವಾರ ದೊನ್ನ ಇಪ್ಪೊಲಿತ ಹೋಗಿ ಎಡಗಣ್ಣಿನ ಆಪರೇಶನ್ ಮಾಡಿಸಿಕೊಂಡು ಬಂದರು. ಅವರ ಕಣ್ಣು ಮೊದಲೂ ಚೆನ್ನಾಗಿಯೇ ಇತ್ತು. ಈಗ ಇನ್ನೂ ಚೆನ್ನಾಗಿದೆ ಎಂದು ಒಲಿಂದೊ ಪ್ರಮಾಣಪತ್ರ ಕೊಟ್ಟಿದ್ದಾನೆ.